ಓದುಗರ ಸ್ಪಂದನ: ‘ಅಜ್ಜನಿಗೆ ಬೆಂಕಿ ಸುಡುತ್ತಿದೆಯಾ?’

ಪ್ರಕಟವಾಗಿದ್ದ ಸಮಸ್ಯೆ: ನನ್ನ ಅಪ್ಪ ಒಳ್ಳೆಯ ಮನುಷ್ಯ. ಆದರೆ ಚರ್ಚಿಗೆ ಹೋಗುವುದನ್ನು ಯಾವಾಗಲೋ ಬಿಟ್ಟಿದ್ದರು. ಅವರನ್ನು ಮಣ್ಣು ಮಾಡಿದ ದಿನ ನಮ್ಮ ಸಭೆಯ ಹಿರಿಯರೊಬ್ಬರು, ‘ರಕ್ಷಣೆ ಹೊಂದದೆ ಹೋದರು, ಈಗ ಎಲ್ಲಿದ್ದಾರೆ ಅಂತ ನಿಮಗೇ ಗೊತ್ತಲ್ಲ’ ಎಂದರು. ಅದನ್ನು ಕೇಳಿಸಿಕೊಂಡ ನನ್ನ ಪುಟ್ಟ ಮಗ ‘ಅಜ್ಜನಿಗೆ ಬೆಂಕಿ ಸುಡುತ್ತಿದೆಯಾ?’ ಎಂದು ಕೇಳುತ್ತಲೇ ಇದ್ದಾನೆ. ನನ್ನ ತಮ್ಮ, ‘ನರಕವೂ ಇಲ್ಲ, ಸೈತಾನನೂ ಇಲ್ಲ, ಎಲ್ಲ ಹೆದರಿಸೋಕೆ ಕಟ್ಟಿದ್ದು’ ಎನ್ನುತ್ತಾನೆ. ನನಗೆ ನಂಬಲೂ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ. ರಾತ್ರಿ ನಿದ್ದೆ ಇಲ್ಲ. ಏನು ಮಾಡಲಿ?

*

ಪ್ರಿಯ ಸೋದರಿ,

ಮೊದಲು ಆ ಹಿರಿಯರ ಮಾತು. ನಿಮ್ಮ ಅಪ್ಪ ನರಕದಲ್ಲಿದ್ದಾರೆ ಎಂದು ತೀರ್ಪು ಹೇಳುವ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿಲ್ಲ. ನಿಮ್ಮ ಸಮಾಧಾನಕ್ಕೆಂದು ಹೀಗೆ ಬರೆಯುತ್ತಿಲ್ಲ. ಕ್ಯಾಥೊಲಿಕ್ ಧರ್ಮಸಭೆ ಇಷ್ಟು ಶತಮಾನಗಳಲ್ಲಿ ಸಾವಿರಾರು ಜನರನ್ನು ಸಂತರೆಂದು ಸಾರಿದೆ. ಇಂಥವರು ನರಕಕ್ಕೆ ಹೋದರು ಎಂದು ಒಬ್ಬರ ಹೆಸರನ್ನೂ ಸಾರಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರನ್ನು ಕೂಡ. ಅಷ್ಟು ದೊಡ್ಡ ಸಭೆಯೇ ಬಾಯಿ ಬಿಡದ ಕಡೆ ಮಣ್ಣು ಹಾಕುವ ಹೊತ್ತಿನಲ್ಲಿ ಒಬ್ಬ ಮನುಷ್ಯ ಬಾಯಿ ಬಿಟ್ಟಿದ್ದಾರೆ. ನನಗೆ ಓದಿ ಸಿಟ್ಟು ಬಂತು.

ಇನ್ನು ನರಕದ ವಿಷಯ. ಕ್ರೈಸ್ತರೆಲ್ಲ ಇದರ ಬಗ್ಗೆ ಒಂದೇ ಮಾತು ಹೇಳುತ್ತಾ ಬಂದಿದ್ದಾರೆ ಅಂತ ನಾವು ಚಿಕ್ಕಂದಿನಿಂದ ಅಂದುಕೊಂಡಿರುತ್ತೇವೆ. ಹಾಗೇನಿಲ್ಲ. ಮೂರನೇ ಶತಮಾನದಲ್ಲಿ ಒರಿಗೆನ್ ಎಂಬ ದೊಡ್ಡ ವಿದ್ವಾಂಸರಿದ್ದರು. ನಂಬಿಕೆಗಾಗಿ ಮುದಿ ವಯಸ್ಸಿನಲ್ಲಿ ಸೆರೆಮನೆಯಲ್ಲಿ ಚಿತ್ರಹಿಂಸೆ ತಿಂದವರು. ದೇವರ ಬೆಂಕಿ ಇರುವುದು ಶುದ್ಧ ಮಾಡಲಿಕ್ಕೆ, ಕೊನೆಗೆ ಎಲ್ಲರೂ ದೇವರ ಬಳಿಗೆ ಮರಳುತ್ತಾರೆ ಎಂಬುದು ಅವರ ನಿರೀಕ್ಷೆ. ಅವರು ಸತ್ತು ಸುಮಾರು ಮುನ್ನೂರು ವರ್ಷದ ಮೇಲೆ, 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ, ಅಂದರೆ ಬಿಷಪ್ಪರು ಸೇರಿ ನಡೆಸಿದ ಸಭೆ, ಅವರನ್ನು ಖಂಡಿಸಿತು. ಆದರೆ ಹೆಚ್ಚುಕಡಿಮೆ ಅದೇ ನಿರೀಕ್ಷೆ ಇಟ್ಟುಕೊಂಡಿದ್ದ ನಿಸ್ಸಾದ ಗ್ರೆಗೊರಿ ಇವತ್ತಿಗೂ ಸಂತರೇ. 381ರ ಮಹಾಸಭೆಯಲ್ಲಿ ಕೂತಿದ್ದ ಬಿಷಪ್ ಅವರು. ನಮ್ಮ ನಂಬಿಕೆಯ ಸಾರವೆಂದು ಆರಾಧನೆಯಲ್ಲಿ ನಾವು ಹೇಳುವ ನೈಸೀನ್ ವಿಶ್ವಾಸ ಪ್ರಮಾಣ ಈಗಿನ ರೂಪಕ್ಕೆ ಬಂದದ್ದು ಆ ಸಭೆಯ ಹೆಸರಿನಲ್ಲಿ. ಆ ಪ್ರಮಾಣವನ್ನು ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಕ್ರಿಸ್ತನು ಬದುಕಿರುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಬರುತ್ತಾನೆ ಎಂದಿದೆ. ಬೆಂಕಿ ಎಷ್ಟು ಕಾಲ ಉರಿಯುತ್ತದೆ, ಒಳಗೆ ಯಾರಿರುತ್ತಾರೆ ಎಂಬ ಬಗ್ಗೆ ಒಂದು ಪದವೂ ಇಲ್ಲ.

ನಿತ್ಯ ದಂಡನೆಯ ಪರವಾಗಿ ಗಟ್ಟಿಯಾಗಿ ವಾದಿಸಿದವರು ಐದನೇ ಶತಮಾನದ ಬಿಷಪ್ ಅಗಸ್ಟಿನ್. ಅದು ಕೊನೆಯಿಲ್ಲದ ಶಿಕ್ಷೆ ಎಂದು ನಂಬಲಾರದೆ ಮರುಗುವವರು ತಮ್ಮ ಕಾಲದಲ್ಲೂ ಬಹಳ ಜನ ಇದ್ದರು ಎಂದು ಅವರೇ ಬರೆದಿದ್ದಾರೆ. ಅಂದರೆ ನಿಮ್ಮ ಸಂಕಟ ಹೊಸದಲ್ಲ, ಅದಕ್ಕೆ ಒಂದೂವರೆ ಸಾವಿರ ವರ್ಷದ ಮೇಲಾಗಿದೆ. ಇವರಲ್ಲದೆ ಮೂರನೆಯ ಗುಂಪೂ ಇದೆ. ಕೆಟ್ಟವರು ಸದಾ ನರಳುವುದಿಲ್ಲ, ಕೊನೆಗೆ ಇಲ್ಲವಾಗುತ್ತಾರೆ ಎನ್ನುವವರು. ಸೆವೆಂತ್ ಡೇ ಅಡ್ವೆಂಟಿಸ್ಟರು ಕಲಿಸುವುದು ಇದನ್ನೇ. ಸುವಾರ್ತಾ ಪಂಗಡದವರು ಗುರುವಿನಂತೆ ಕಂಡ ಇಂಗ್ಲೆಂಡಿನ ಬೋಧಕ ಜಾನ್ ಸ್ಟಾಟ್ 1988ರಲ್ಲಿ ತಮ್ಮ ಮನಸ್ಸೂ ಅತ್ತ ವಾಲಿದೆ ಎಂದು ಬರೆದರು. ಚರ್ಚ್ ಆಫ್ ಇಂಗ್ಲೆಂಡಿನ ಸಿದ್ಧಾಂತ ಆಯೋಗದ 1995ರ ವರದಿಯೂ ನರಕ ಎಂದರೆ ಮುಗಿಯದ ಚಿತ್ರಹಿಂಸೆ ಅಲ್ಲ ಎಂದಿತು.

ಮೂರು ಕಡೆಯವರ ಕೈಯಲ್ಲೂ ಬೈಬಲ್ ಇದೆ. ನಿತ್ಯ ದಂಡನೆಯ ಮಾತು ಬರುವ ಮತ್ತಾಯ 25:46 ಒಬ್ಬರಿಗೆ, ಆತ್ಮ ಶರೀರ ಎರಡನ್ನೂ ನಾಶಮಾಡುವ ಮಾತು ಬರುವ ಮತ್ತಾಯ 10:28 ಇನ್ನೊಬ್ಬರಿಗೆ, ಕ್ರಿಸ್ತನಲ್ಲಿ ಎಲ್ಲರೂ ಬದುಕುವರು ಎನ್ನುವ 1 ಕೊರಿಂಥ 15:22 ಮತ್ತೊಬ್ಬರಿಗೆ. ನನ್ನ ಮನಸ್ಸು ಗ್ರೆಗೊರಿಯವರ ಕಡೆ ಇದೆ. ನಿಮ್ಮದೂ ಅಲ್ಲೇ ಇರಬೇಕು ಎನ್ನುವುದಿಲ್ಲ. ಈ ಮೂರರಲ್ಲಿ ಯಾವುದನ್ನು ಹಿಡಿದರೂ ನೀವು ಕ್ರೈಸ್ತರಾಗಿಯೇ ಇರುತ್ತೀರಿ.

— ನಿವೃತ್ತ ಸಂಡೇ ಸ್ಕೂಲ್ ಶಿಕ್ಷಕಿ

*

ಸಹೋದರಿಯವರೇ,

ನಾನು ಸಭಾಪಾಲಕ. ನಿತ್ಯ ದಂಡನೆ ಇದೆ ಎಂದು ನಂಬುವವನು, ಹಾಗೇ ಬೋಧಿಸುವವನು. ಸುವಾರ್ತೆಗಳನ್ನು ತೆರೆದರೆ ಈ ಬಗ್ಗೆ ಎಚ್ಚರಿಸುವವನು ಬೇರೆ ಯಾರೂ ಅಲ್ಲ, ಕರ್ತನಾದ ಯೇಸುವೇ. ಅದನ್ನು ಹರಿದು ಬಿಸಾಡಲು ನನ್ನಿಂದಾಗದು. ಮಕ್ಕಳನ್ನು ಕೊಂದು, ಬಡವರನ್ನು ಹಿಂಡಿ, ಯಾವ ನ್ಯಾಯಾಲಯಕ್ಕೂ ಸಿಗದೆ ಹಾಸಿಗೆಯ ಮೇಲೆ ನೆಮ್ಮದಿಯಾಗಿ ಸತ್ತವರಿದ್ದಾರೆ. ಅವರ ಕೈಯಲ್ಲಿ ನರಳಿದವರಿಗೆ ಎಲ್ಲಿಯೂ ನ್ಯಾಯ ಸಿಗುವುದಿಲ್ಲ ಎಂದರೆ ದೇವರು ಒಳ್ಳೆಯವನು ಎಂಬ ಮಾತಿಗೆ ಏನು ಬೆಲೆ? ನಿಮ್ಮ ತಮ್ಮ ಈ ಪ್ರಶ್ನೆಯನ್ನು ಸ್ವಲ್ಪ ಕೂತು ಯೋಚಿಸಲಿ ಎಂದು ಕೇಳಿಕೊಳ್ಳುತ್ತೇನೆ.

ಆದರೆ ಆ ಹಿರಿಯರು ಮತ್ತಾಯ 25ನ್ನು ಪೂರ್ತಿ ಓದಬೇಕಿತ್ತು. ಅಲ್ಲಿ ಕೊನೆಯ ನ್ಯಾಯತೀರ್ಪಿನಲ್ಲಿ ಬಲಗಡೆಗೆ ಹೋಗಿ ರಕ್ಷಣೆ ಹೊಂದಿದವರಿಗೂ ಆಶ್ಚರ್ಯ, ಎಡಗಡೆಗೆ ಹೋಗಿ ಶಿಕ್ಷೆಗೆ ಒಳಗಾದವರಿಗೂ ಆಶ್ಚರ್ಯ. ‘ಕರ್ತನೇ, ನಿನ್ನನ್ನು ನಾವು ಯಾವಾಗ ಕಂಡೆವು’ ಎಂದು ಎರಡೂ ಕಡೆಯವರು ಕೇಳುತ್ತಾರೆ. ಅಲ್ಲಿ ನೋಡುವುದು ಹಸಿದವನಿಗೆ ಊಟ ಕೊಟ್ಟೆಯಾ, ಬಟ್ಟೆ ಇಲ್ಲದವನಿಗೆ ಉಡಲು ಕೊಟ್ಟೆಯಾ, ಸೆರೆಯಲ್ಲಿದ್ದವನನ್ನು ನೋಡಲು ಹೋದೆಯಾ ಎಂದು. ಆ ನಿತ್ಯವಾದ ಬೆಂಕಿಯನ್ನು ಸಿದ್ಧ ಮಾಡಿದ್ದು ಪಿಶಾಚನಿಗೂ ಅವನ ದೂತರಿಗೂ ಎಂದಿದೆ, ಮನುಷ್ಯರಿಗೆ ಎಂದಿಲ್ಲ. ಮತ್ತಾಯ 7ರಲ್ಲಿ ‘ಕರ್ತನೇ, ಕರ್ತನೇ’ ಎಂದು ಕರೆದು, ಅವನ ಹೆಸರಿನಲ್ಲಿ ದೆವ್ವ ಬಿಡಿಸಿದವರನ್ನೇ ಅವನು ಆಚೆ ಕಳಿಸುತ್ತಾನೆ. ನರಕದ ಮಾತು ಬೇರೆಯವರ ಕಡೆ ಬೆರಳು ತೋರಿಸಲು ಕೊಟ್ಟದ್ದಲ್ಲ. ಅದನ್ನು ಓದಿದಾಗ ನಾನು ಮೊದಲು ನನ್ನನ್ನೇ ಪರೀಕ್ಷಿಸಿಕೊಳ್ಳಬೇಕು.

ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಆ ಕಳ್ಳನನ್ನೂ ಮರೆಯಬೇಡಿ. ದೀಕ್ಷಾಸ್ನಾನ ಇಲ್ಲ, ಸಭೆ ಇಲ್ಲ, ತಿದ್ದಿಕೊಳ್ಳಲು ಸಮಯವೂ ಇಲ್ಲ. ಆದರೂ ‘ಇವತ್ತೇ ನನ್ನ ಜೊತೆ ಪರದೈಸಿನಲ್ಲಿರುವೆ’ ಎಂದು ಕರ್ತನು ಅವನಿಗೆ ಮಾತು ಕೊಟ್ಟನು. ನಿಮ್ಮ ತಂದೆಯ ಕೊನೆಯ ಗಳಿಗೆಯಲ್ಲಿ ಅವರಿಗೂ ದೇವರಿಗೂ ನಡುವೆ ಏನು ನಡೆಯಿತು ಎಂಬುದನ್ನು ಯಾವ ಮನುಷ್ಯನೂ ಕೇಳಿಸಿಕೊಂಡಿಲ್ಲ. ನನ್ನ ಸಭೆಯ ಹಿರಿಯರು ಹಾಗೆ ಮಾತಾಡಿದ್ದರೆ ನಾನು ಅವರನ್ನು ನಿಮ್ಮ ಮನೆಗೆ ಕರೆತಂದು ಕ್ಷಮೆ ಕೇಳಿಸುತ್ತಿದ್ದೆ. ನಿಮ್ಮ ಪಾಸ್ಟರ್ ಹತ್ತಿರ ಈ ವಿಷಯ ಹೇಳಿ, ಸುಮ್ಮನಿರಬೇಡಿ.

— ಒಬ್ಬ ಸಭಾಪಾಲಕ

*

ಅಕ್ಕಾ, ನಾನು ನಿಮ್ಮ ತಮ್ಮನ ಕಡೆಯವನು. ನರಕವನ್ನು ನಂಬುವುದನ್ನು ಬಿಟ್ಟ ಮೇಲೆ ನನ್ನ ಬದುಕು ಹಗುರವಾಯಿತು. ಹಾಗಂತ ಅವನು ನಿಮ್ಮ ಮೇಲೆ ಜೋರು ಮಾಡುವುದೂ ಸರಿಯಲ್ಲ. ಅಪ್ಪ ತೀರಿಕೊಂಡು ಅವನಿಗೂ ನೋವಾಗಿದೆ, ಅಲ್ವಾ? ವಾದ ಬಿಟ್ಟು ಇಬ್ಬರೂ ಅಪ್ಪನ ಬಗ್ಗೆ ಮಾತಾಡಿ.

— ಹೆಸರು ಬೇಡ

*

ನಿಮ್ಮ ಪತ್ರದಲ್ಲಿ ಸೈತಾನನ ಮಾತೂ ಬಂದಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಅನೇಕ ಬೋಧನೆಗಳಲ್ಲಿ ಸೈತಾನ ದೇವರಿಗೆ ಸರಿಸಮನಾದ ಎದುರಾಳಿ ಥರ ಕಾಣುತ್ತಾನೆ. ಆತ್ಮ ಒಂದೊಂದನ್ನೂ ಇಬ್ಬರೂ ಎಳೆದಾಡುತ್ತಿದ್ದಾರೆ, ಸ್ವಲ್ಪ ಮೈಮರೆತರೆ ಅವನ ಪಾಲು ಎಂಬಂತೆ. ನಿಮ್ಮನ್ನು ಕಾಡುತ್ತಿರುವುದು ಈ ಚಿತ್ರ ಎಂದು ನನಗನ್ನಿಸುತ್ತದೆ. ಇದು ಕ್ರೈಸ್ತ ಬೋಧನೆಯಲ್ಲ. ಬೆಳಕಿನದೊಂದು ಶಕ್ತಿ, ಕತ್ತಲೆಯದೊಂದು ಶಕ್ತಿ, ಎರಡೂ ಆದಿಯಿಂದ ಹೊಡೆದಾಡುತ್ತಿವೆ ಎಂದು ಹೇಳುತ್ತಿದ್ದವರು ಮೂರನೇ ಶತಮಾನದಲ್ಲಿ ಮಾನಿ ಎಂಬ ಗುರು ಕಟ್ಟಿದ ಪಂಥದವರು. ಅಗಸ್ಟಿನ್ ಯುವಕರಾಗಿದ್ದಾಗ ಸುಮಾರು ಒಂಬತ್ತು ವರ್ಷ ಅವರ ಜೊತೆಗಿದ್ದರು. ಆಮೇಲೆ ಬಿಟ್ಟು ಹೊರಬಂದರು. ಕೆಡುಕಿಗೆ ಸ್ವಂತ ಅಸ್ತಿತ್ವ ಇಲ್ಲ, ಅದು ಒಳ್ಳೆಯದರ ಕೊರತೆ ಎಂಬುದು ಅವರು ಕಂಡುಕೊಂಡ ಉತ್ತರ. ಹುಣ್ಣು ಇರಬೇಕಾದರೆ ಮೈ ಇರಬೇಕು. ಮೈ ಇಲ್ಲದೆ ಹುಣ್ಣು ಮಾತ್ರ ಎಲ್ಲಿಯೂ ಇರಲಾರದು, ಹಾಗೆ. ಕ್ಯಾಥೊಲಿಕ್ ಧರ್ಮಸಭೆಯ 1215ರ ಲ್ಯಾಟರನ್ ಮಹಾಸಭೆಯೂ ಇದನ್ನೇ ಗಟ್ಟಿ ಮಾಡಿತು. ದೇವರು ಪಿಶಾಚನನ್ನು ಸೃಷ್ಟಿಸಿದಾಗ ಅವನು ಒಳ್ಳೆಯವನೇ, ತನ್ನಿಂದ ತಾನೇ ಕೆಟ್ಟ ಎಂದಿತು.

ಇದರಿಂದ ಎಲ್ಲ ಬಗೆಹರಿಯುವುದಿಲ್ಲ. ಒಳ್ಳೆಯವನಾಗಿ ಹುಟ್ಟಿದವನು ಯಾಕೆ ಕೆಟ್ಟ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ‘ಕೊರತೆ’ ಎಂಬ ಮಾತು ಕೊಲೆಯ ಮುಂದೆ, ಕ್ರೌರ್ಯದ ಮುಂದೆ ತೀರಾ ಸಪ್ಪೆ ಎಂದು ಕೆಲವರು ಹೇಳುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಯೆಶಾಯ 45:7ರಲ್ಲಿ ಮೇಲನ್ನೂ ಕೇಡನ್ನೂ ಉಂಟುಮಾಡುವವನು ನಾನೇ ಎಂದು ದೇವರು ಹೇಳುತ್ತಾನೆ, ಅದು ಇನ್ನೂ ಕಷ್ಟದ ಮಾತು. ಆದರೆ ಒಂದಂತೂ ಸ್ಪಷ್ಟ. ಒಬ್ಬ ನೀತಿವಂತನ ಕಷ್ಟಗಳ ಕಥೆ ಹೇಳುವ ಬೈಬಲಿನ ಯೋಬನ ಪುಸ್ತಕದಲ್ಲಿ ಸೈತಾನನಿಗೆ ದೇವರ ಅಪ್ಪಣೆ ಇಲ್ಲದೆ ಒಂದು ಹೆಜ್ಜೆ ಇಡಲು ಆಗುವುದಿಲ್ಲ. ಅವನು ಯಾರನ್ನೂ ಕದ್ದುಕೊಂಡು ಹೋಗಲಾರ. ನಿಮ್ಮ ಅಪ್ಪನನ್ನೂ.

ಅದೇ ಪುಸ್ತಕದಲ್ಲಿ ಯೋಬನ ಮೂವರು ಸ್ನೇಹಿತರು, ಸಂಕಟದಲ್ಲಿರುವವನ ಮುಂದೆ ಕೂತು ಇದು ದೇವರ ಶಿಕ್ಷೆ ಎಂದು ಉದ್ದುದ್ದ ಮಾತಾಡುತ್ತಾರೆ. ಕೊನೆಗೆ ದೇವರ ಕೋಪ ಯಾರ ಮೇಲೆ? ಆ ಮೂವರ ಮೇಲೆ. ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಎನ್ನುತ್ತಾನೆ, 42ನೇ ಅಧ್ಯಾಯದಲ್ಲಿ. ಜಗಳ ಆಡಿದ, ಕೂಗಾಡಿದ ಯೋಬನನ್ನು ಮಾತ್ರ ಮೆಚ್ಚುತ್ತಾನೆ. ನೀವೂ ದೇವರ ಜೊತೆ ಜಗಳ ಆಡಿ. ಅದಕ್ಕೆ ಹೆದರಬೇಡಿ.

— ದೇವಶಾಸ್ತ್ರದ ವಿದ್ಯಾರ್ಥಿ

*

ಮಗಳೇ,

ದೊಡ್ಡವರ ವಾದ ಹಾಗಿರಲಿ, ಮಗುವಿಗೆ ಇವತ್ತೇ ಉತ್ತರ ಬೇಕು. ‘ಇಲ್ಲ ಕಂದಾ, ಅಜ್ಜ ದೇವರ ಕೈಯಲ್ಲಿದ್ದಾರೆ. ದೇವರಿಗೆ ಅಜ್ಜನ ಮೇಲೆ ನಮಗಿಂತ ಜಾಸ್ತಿ ಪ್ರೀತಿ’ ಅಂತ ಹೇಳು. ಇದರಲ್ಲಿ ಸುಳ್ಳು ಒಂದೂ ಇಲ್ಲ. ನಿತ್ಯ ದಂಡನೆ ನಂಬುವವರೂ ಇದನ್ನು ಒಪ್ಪಲೇಬೇಕು. ಎಲ್ಲರೂ ರಕ್ಷಣೆ ಹೊಂದಬೇಕೆಂಬುದು ದೇವರ ಇಷ್ಟ ಅಂತ 1 ತಿಮೊಥೆ 2:4ರಲ್ಲಿ ಇದೆಯಲ್ಲ.

ಮಕ್ಕಳಿಗೆ ಮಾತಿಗಿಂತ ಚಿತ್ರ ನಾಟುತ್ತದೆ. ನಿನ್ನ ಮಗನ ತಲೆಯಲ್ಲಿ ಬೆಂಕಿಯ ಚಿತ್ರ ಕೂತಿದೆ, ಅದರ ಜಾಗಕ್ಕೆ ಬೇರೆ ಚಿತ್ರ ಕೊಡು. ಆರ್ಥಡಾಕ್ಸ್ ಸಭೆಯವರ ಪುನರುತ್ಥಾನದ ಚಿತ್ರ ಒಂದಿದೆ, ಹುಡುಕಿದರೆ ಸಿಗುತ್ತದೆ. ಯೇಸು ಸತ್ತವರ ಲೋಕಕ್ಕೆ ಇಳಿದಿದ್ದಾನೆ. ಅದರ ಬಾಗಿಲು ಮುರಿದು ಬಿದ್ದಿವೆ, ಅವನು ಆ ಬಾಗಿಲಿನ ಹಲಗೆಗಳ ಮೇಲೇ ನಿಂತಿದ್ದಾನೆ. ಒಂದು ಕಡೆ ಆದಾಮ, ಇನ್ನೊಂದು ಕಡೆ ಹವ್ವ. ಇಬ್ಬರನ್ನೂ ಸಮಾಧಿಯಿಂದ ಮೇಲಕ್ಕೆ ಎಳೆಯುತ್ತಿದ್ದಾನೆ. ಅವರು ಅವನ ಕೈ ಹಿಡಿದಿಲ್ಲ, ಅವನೇ ಅವರ ಮಣಿಕಟ್ಟು ಹಿಡಿದಿದ್ದಾನೆ. ಕೆಳಗೆ ಕಪ್ಪು ಗುಂಡಿಯಲ್ಲಿ ಬೀಗ, ಕೀಲಿಕೈ, ಮೊಳೆ ಎಲ್ಲ ಚೆಲ್ಲಾಪಿಲ್ಲಿ. ನಮ್ಮ ಮನೆಯ ಮಕ್ಕಳಿಗೆ ಆ ಬೀಗಗಳನ್ನು ಎಣಿಸುವುದೇ ಒಂದು ಖುಷಿ.

‘ಪಾತಾಳಕ್ಕೆ ಇಳಿದನು’ ಅಂತ ಅಪೊಸ್ತಲರ ವಿಶ್ವಾಸ ಪ್ರಮಾಣದಲ್ಲಿ ನಾವೂ ಹೇಳುತ್ತೇವಲ್ಲ, ಅದೇ ಇದು. ದೇವರು ಕಾಲಿಡದ ಜಾಗ ಸತ್ತವರಿಗೂ ಇಲ್ಲ ಅಂತ ಮಗನಿಗೆ ಹೇಳು.

— ಒಬ್ಬ ಅಜ್ಜಿ

*

ನಮಸ್ಕಾರ. ನಿಮ್ಮ ಪತ್ರದಲ್ಲಿ ನಿದ್ದೆ ಇಲ್ಲ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನನ್ನ ತಾಯಿ ತೀರಿಕೊಂಡ ಮೇಲೆ ನನಗೂ ಹೀಗೇ ಆಗಿತ್ತು. ಊಟ ಸೇರುತ್ತಿರಲಿಲ್ಲ, ಕತ್ತಲಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ಪ್ರಾರ್ಥನಾ ಕೂಟದಲ್ಲಿ ಇದು ದುರಾತ್ಮದ ಕಾಟ ಎಂದು ತಲೆಯ ಮೇಲೆ ಕೈಯಿಟ್ಟು ಕೂಗಾಡಿದರು. ಭಯ ಇನ್ನೂ ಜಾಸ್ತಿಯಾಯಿತು. ಕೊನೆಗೆ ಮನೋವೈದ್ಯರ ಹತ್ತಿರ ಹೋದೆ, ಚಿಕಿತ್ಸೆಯಿಂದ ಗುಣವಾಯಿತು.

ದೆವ್ವವನ್ನು ನಂಬುವ ಕ್ಯಾಥೊಲಿಕ್ ಧರ್ಮಸಭೆಯಲ್ಲೇ ಇದಕ್ಕೆ ಕಟ್ಟುನಿಟ್ಟು ಇದೆ. ಬಿಷಪ್ಪರ ಅನುಮತಿ ಇಲ್ಲದೆ ಯಾವ ಪಾದ್ರಿಯೂ ದೆವ್ವ ಬಿಡಿಸುವ ವಿಧಿ ನಡೆಸುವಂತಿಲ್ಲ. 1999ರಲ್ಲಿ ಹೊರಬಂದ ಪರಿಷ್ಕೃತ ವಿಧಿಯಲ್ಲೂ ಕಾಯಿಲೆಯನ್ನು, ಅದರಲ್ಲೂ ಮನಸ್ಸಿನ ಕಾಯಿಲೆಯನ್ನು ದೆವ್ವ ಎಂದು ತಪ್ಪು ತಿಳಿಯದಂತೆ ಎಚ್ಚರಿಕೆ ಇದೆ. ಹಾಗಾಗಿ ಯಾರಾದರೂ ನಿಮ್ಮ ದುಃಖಕ್ಕೆ ಸೈತಾನನ ಹೆಸರಿಟ್ಟರೆ ಅಲ್ಲಿಂದ ಎದ್ದು ಬನ್ನಿ. ವೈದ್ಯರನ್ನು ಈ ವಾರವೇ ನೋಡಿ. ಅಪ್ಪ ಹೋದದ್ದು, ಆ ಹಿರಿಯರು ಆಡಿದ ಮಾತು, ಮಗನ ಪ್ರಶ್ನೆ, ಮೂರನ್ನೂ ಮುಚ್ಚಿಡದೆ ಹೇಳಿ. ಒಬ್ಬರೇ ಹೋಗಲು ಕಷ್ಟವಾದರೆ ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ.

— ನಿಮ್ಮಂಥ ಇನ್ನೊಬ್ಬ ಓದುಗರು