ಮುಟ್ಟು ನಿಂತ ಮೇಲೆ ಮೂಳೆ ಸವೆತ: ಕ್ಯಾಲ್ಸಿಯಂ ಒಂದೇ ಸಾಕಾ, ಯಾವ ಡಾಕ್ಟರ್ ಹತ್ತಿರ ಹೋಗಬೇಕು?

ಕೇಳಿದವರು: ನನಗೆ 57. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕಿ) ಮೈನಸ್ 2.9 ಬಂದಿದೆ. ಡಾಕ್ಟರ್ ಕ್ಯಾಲ್ಸಿಯಂ ಬರೆದುಕೊಟ್ಟು ಕಳಿಸಿದರು. ಇಷ್ಟೇ ಸಾಕಾ? ಇದನ್ನು ಚೆನ್ನಾಗಿ ತಿಳಿದ ಡಾಕ್ಟರನ್ನು ಹುಡುಕೋದು ಹೇಗೆ?

ಮೈಸೂರಿನಿಂದ: ಸಾಲದು ಅಕ್ಕಾ. ಮೈನಸ್ 2.5ಕ್ಕೆ ಇಳಿದರೇ ಅದು ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ. ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕೇ ಬೇಕು, ಆದರೆ ಸವೆತ ತಡೆಯುವ ಔಷಧಿ ಬೇರೆಯೇ ಇದೆ. ನನಗೂ ಮೊದಲು ಬರೀ ಕ್ಯಾಲ್ಸಿಯಂ ಕೊಟ್ಟಿದ್ದರು. ಆಮೇಲೆ ಒಬ್ಬ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರ್) ಸಿಕ್ಕರು. ಅವರು ರಿಪೋರ್ಟ್ ತೆರೆಯುವ ಮೊದಲೇ ನನ್ನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ಹರೆಯದಲ್ಲಿ ಎಷ್ಟು ಎತ್ತರ ಇದ್ದಿರಿ ಅಂತ ಕೇಳಿದರು. ನೋವೇ ಗೊತ್ತಾಗದ ಹಾಗೆ ಬೆನ್ನುಮೂಳೆ ಕುಸಿದಿದ್ದರೆ ಎತ್ತರ ಕಮ್ಮಿಯಾಗಿರುತ್ತದೆ. ಅಪ್ಪ ಅಮ್ಮನಿಗೆ ಸೊಂಟ ಮುರಿದಿತ್ತಾ, ಸ್ಟೆರಾಯ್ಡ್ ತಗೊಂಡಿದ್ದೀರಾ, ಥೈರಾಯ್ಡ್ ಮಾತ್ರೆ ಎಷ್ಟು ಡೋಸ್ ಅಂತೆಲ್ಲ ವಿಚಾರಿಸಿದರು. ಆ ಡೋಸ್ ಜಾಸ್ತಿಯಾದರೂ ಮೂಳೆ ಸವೆಯುತ್ತದೆ. ಆಮೇಲೆ ವಿಟಮಿನ್ ಡಿ, ಪಿಟಿಎಚ್ (ಕ್ಯಾಲ್ಸಿಯಂ ನಿಯಂತ್ರಿಸುವ ಹಾರ್ಮೋನ್), ಥೈರಾಯ್ಡ್, ಕಿಡ್ನಿ ಪರೀಕ್ಷೆ ಬರೆದರು.

ಒಳ್ಳೆ ಡಾಕ್ಟರ್ ಅಂತ ಗುರುತಿಸೋಕೆ ನನಗೆ ಇದಕ್ಕಿಂತ ಬೇರೆ ದಾರಿ ಕಾಣಲಿಲ್ಲ. ಯಾಕೆ ಸವೆದಿದೆ ಅಂತ ಹುಡುಕಬೇಕು, ಔಷಧಿ ಎಷ್ಟು ವರ್ಷ, ಆಮೇಲೆ ಏನು ಅಂತಲೂ ಹೇಳಬೇಕು. ಎಂಡೋಕ್ರೈನಾಲಜಿಸ್ಟ್ ಆಗಲಿ, ರುಮಟಾಲಜಿಸ್ಟ್ (ಕೀಲುವಾತದ ಡಾಕ್ಟರ್) ಆಗಲಿ, ಇದರಲ್ಲಿ ಆಸಕ್ತಿ ಇರುವ ಮೂಳೆ ಡಾಕ್ಟರ್ ಆಗಲಿ, ಪರವಾಗಿಲ್ಲ. ಊರಲ್ಲಿ ಯಾರೂ ಇಲ್ಲದಿದ್ದರೆ ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಎಂಡೋಕ್ರೈನಾಲಜಿ ವಿಭಾಗ ನೋಡಿ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಇದೆ.

ನನಗೆ ಸವೆತ ತಡೆಯೋಕೆ ವಾರಕ್ಕೊಂದು ಅಲೆಂಡ್ರೋನೇಟ್ ಮಾತ್ರೆ, 70 ಮಿಲಿಗ್ರಾಂ. ಸೋಮವಾರ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ತುಂಬಾ ಬರೀ ನೀರಿನ ಜೊತೆ. ಮಾತ್ರೆ ಅನ್ನನಾಳದಲ್ಲಿ ನಿಂತರೆ ಹುಣ್ಣಾಗುತ್ತದೆ, ಅದಕ್ಕೇ ಅರ್ಧ ಗಂಟೆ ಮಲಗುವಂತಿಲ್ಲ. ಕಾಫಿಯೂ ಆಮೇಲೇ, ಕಾಫಿ ಜೊತೆ ಮಾತ್ರೆ ಮೈಗೆ ಸೇರೋದಿಲ್ಲ. ಆ ಹೊತ್ತಲ್ಲಿ ನಾನು ಕೂತು ದೇವರಿಗೆ ಹೂ ಕಟ್ಟುತ್ತೇನೆ.

ಹುಬ್ಬಳ್ಳಿಯಿಂದ: ನಮ್ಮ ಅತ್ತಿಗೆಗೆ ಎದೆಯುರಿ ಇದ್ದಿದ್ದರಿಂದ ಆ ಮಾತ್ರೆ ಆಗಲಿಲ್ಲ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಝೋಲೆಡ್ರೋನಿಕ್ ಆಸಿಡ್ 5 ಮಿಲಿಗ್ರಾಂ ಕೊಟ್ಟರು. ಮೊದಲ ಸಲ ರಾತ್ರಿಯೆಲ್ಲ ಜ್ವರ, ಮೈಕೈ ನೋವು. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಪ್ಯಾರಸಿಟಮಾಲ್‌ನಲ್ಲಿ ಇಳಿಯಿತು. ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ಸರಿ ಇದೆ ಅಂತ ಖಾತ್ರಿ ಆದ ಮೇಲೇ ಇದನ್ನು ಹಾಕಿಸಿಕೊಳ್ಳಬೇಕು. ಹಲ್ಲು ಕೀಳಿಸೋದು ಇದ್ದರೆ ಅದನ್ನೂ ಮೊದಲೇ ಮುಗಿಸಿ. ಈ ಔಷಧಿಗಳಿಂದ ಅಪರೂಪಕ್ಕೆ ದವಡೆ ಮೂಳೆಗೆ ತೊಂದರೆ ಆಗೋದುಂಟು.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಡೆನೊಸುಮ್ಯಾಬ್ ಅಂತ ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್ ಇದೆ. ಔಷಧಿ ಒಳ್ಳೆಯದೇ. ಆದರೆ ಅದನ್ನು ಸುಮ್ನೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಗಳಿಸಿದ ಮೂಳೆ ಬೇಗ ಕರಗಿ, ಒಂದಲ್ಲ ಎರಡಲ್ಲ, ಬೆನ್ನುಮೂಳೆಗಳು ಸಾಲಾಗಿ ಮುರಿಯಬಹುದು. ನಿಲ್ಲಿಸಲೇಬೇಕಾದರೆ ಅದರ ಬದಲು ಬೇರೆ ಔಷಧಿ ಶುರು ಮಾಡಬೇಕು. ನಮ್ಮ ಓಣಿಯ ಒಬ್ಬರು ಮಗನ ಮನೆಗೆ ದುಬೈಗೆ ಹೋದಾಗ ಇಂಜೆಕ್ಷನ್ ಬಿಟ್ಟುಬಿಟ್ಟರು. ಹೀಗಾಗುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ವಾಪಸ್ ಬಂದಾಗ ಬಗ್ಗಿ ಬಕೆಟ್ ಎತ್ತೋಕೂ ಆಗುತ್ತಿರಲಿಲ್ಲ. ಹಾಕಿಸಿಕೊಳ್ಳುವ ಮೊದಲು 'ನಿಲ್ಲಿಸೋದು ಯಾವಾಗ, ಹೇಗೆ' ಅಂತ ಕೇಳಿಯೇ ಕೇಳಿ.

ದಾವಣಗೆರೆಯಿಂದ: ಎರಡೇ ಮಾತು. ಕ್ಯಾಂಪ್‌ಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಮಿಷನ್ ನಂಬಿ ಔಷಧಿ ಶುರು ಮಾಡಬೇಡಿ, ಸೊಂಟ ಮತ್ತು ಬೆನ್ನಿನ ಡೆಕ್ಸಾ ಆಗಬೇಕು. ಮುಂದಿನ ಸಲವೂ ಅದೇ ಮಿಷನ್‌ನಲ್ಲಿ ಮಾಡಿಸಿ, ಮಿಷನ್ ಬದಲಾದರೆ ಅಂಕಿ ಹೋಲಿಸಲು ಬರುವುದಿಲ್ಲ. ವಿಟಮಿನ್ ಡಿ 60,000 ಯೂನಿಟ್ ಪುಡಿ ಸಾಮಾನ್ಯವಾಗಿ ವಾರಕ್ಕೊಂದು ಬರೆಯುತ್ತಾರೆ. ನಮ್ಮ ಪಕ್ಕದ ಮನೆಯವರು ದಿನಾ ಕುಡಿದು ಆಸ್ಪತ್ರೆ ಸೇರಿದ್ದರು, ಚೀಟಿ ಸರಿಯಾಗಿ ಓದಿಸಿಕೊಳ್ಳಿ.