ದಿನದ ಓಡಾಟಕ್ಕೆ ಯಾವ ಕಾಲದ ಬುಲೆಟ್?

ಪ್ರಶ್ನೆ: ಕಚೇರಿಗೆ ಓಡಿಸಲು ಹಳೆಯ ರಾಯಲ್ ಎನ್‌ಫೀಲ್ಡ್ ಬುಲೆಟ್ 350 ಹುಡುಕುತ್ತಿದ್ದೇನೆ. ಒಬ್ಬರು ಕಾಸ್ಟ್ ಐರನ್ (ಎರಕದ ಕಬ್ಬಿಣದ ಹಳೆಯ ಎಂಜಿನ್) ಎನ್ನುತ್ತಾರೆ, ಇನ್ನೊಬ್ಬರು ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ ನಂತರದ ಎಂಜಿನ್) ಎನ್ನುತ್ತಾರೆ. ಓಡಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ನನ್ನದು ಕಾಸ್ಟ್ ಐರನ್. ಆದರೂ ಹೊತ್ತಿಗೆ ಸರಿಯಾಗಿ ಕಚೇರಿ ಸೇರಬೇಕಾದವರಿಗೆ ಅದನ್ನು ಕೊಳ್ಳಿ ಎನ್ನಲಾರೆ. 1950ರ ದಶಕದಲ್ಲಿ ಸೇನೆಗೆಂದು ಇಂಗ್ಲೆಂಡಿನಿಂದ ಬಂದು, ಆಮೇಲೆ ಮದ್ರಾಸಿನಲ್ಲೇ ತಯಾರಾಗತೊಡಗಿದ ಬುಲೆಟ್‌ನ ಎಂಜಿನ್ ಇದು. ಬೋರ್ (ಸಿಲಿಂಡರಿನ ಒಳವ್ಯಾಸ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿ.ಮೀ., 346 ಸಿಸಿ. ಸ್ಟ್ರೋಕ್ ಉದ್ದ, ಎಂಜಿನ್ ಓಟವನ್ನು ಸಮವಾಗಿಡುವ ಚಕ್ರ, ಫ್ಲೈವೀಲ್, ಭಾರ. ನಿಧಾನಗತಿಯಲ್ಲಿ ಕೇಳುವ ಆ ‘ಡುಗ್ ಡುಗ್’ಗೆ ಅದೇ ಕಾರಣ. ಕಿಕ್ ಹೊಡೆಯುವುದಕ್ಕೂ ಕ್ರಮವಿದೆ. ಆಮೀಟರಿನ (ವಿದ್ಯುತ್ ಪ್ರವಾಹ ತೋರಿಸುವ ಮಾಪಕ) ಮುಳ್ಳು ನಡುವಿಗೆ ಬರುವಂತೆ ಕಿಕ್ಕರನ್ನು ಮೆಲ್ಲಗೆ ತುಳಿಯಬೇಕು. ಡೀಕಂಪ್ರೆಷರ್ (ಸಿಲಿಂಡರಿನ ಒತ್ತಡ ಬಿಡಿಸುವ ಲಿವರ್) ಒತ್ತಿ ಇನ್ನು ತುಸು ತುಳಿದು ಬಿಟ್ಟು, ಆಮೇಲೆ ಪೂರ್ತಿ ಒದೆಯಬೇಕು. ಅವಸರಪಟ್ಟರೆ ಕಿಕ್ಕರ್ ತಿರುಗಿ ಒದೆಯುತ್ತದೆ, ಕಾಲು ಜೋಪಾನ. ಟ್ಯಾಪೆಟ್ (ವಾಲ್ವಿನ ಅಂತರ) ಹೊಂದಿಸುವುದು ಎಂಜಿನ್ ತಣ್ಣಗಿರುವಾಗ: ಪುಶ್‌ರಾಡ್ (ವಾಲ್ವ್ ತೆರೆಸುವ ಕಡ್ಡಿ) ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಹಳೆಯವುಗಳಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಮನೆಯಲ್ಲಿ ಬೇರೆ ಬೈಕ್ ಇದ್ದರೆ ಕಾಲು ತಬ್ಬಿಬ್ಬಾಗುವುದು ಖಂಡಿತ.

ಉತ್ತರ 2: ಈ ಎರಡರ ನಡುವೆ ಎವಿಎಲ್ ಎಂಬ ಎಂಜಿನ್ ಒಂದಿತ್ತು, ಅದನ್ನು ಎಲ್ಲರೂ ಮರೆಯುತ್ತಾರೆ. ಆಸ್ಟ್ರಿಯಾದ ಎವಿಎಲ್ ಸಂಸ್ಥೆಯ ನೆರವಿನಿಂದ ರೂಪಿಸಿದ ಅಲ್ಯೂಮಿನಿಯಂ ಎಂಜಿನ್. ಬಿಸಿ ಬೇಗ ಆರುತ್ತದೆ, ಓಟವೂ ಹಗುರ. ಬಿಡಿಭಾಗ ಹುಡುಕುವುದೇ ತಲೆನೋವು.

ಉತ್ತರ 3: ನಿಮ್ಮ ಉದ್ದೇಶಕ್ಕೆ ಯುಸಿಇ ಸಾಕು. 2008ರಲ್ಲಿ ಥಂಡರ್‌ಬರ್ಡ್ ಟ್ವಿನ್‌ಸ್ಪಾರ್ಕ್ ಬೈಕಿನೊಂದಿಗೆ ಬಂದ ಈ ಎಂಜಿನ್ ಮುಂದೆ ಬುಲೆಟ್‌ಗೂ ಸೇರಿತು. ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಎಂಜಿನ್, ಗೇರ್‌ಬಾಕ್ಸ್ ಎರಡೂ ಒಂದೇ ಕವಚಕ್ಕೆ ಬಂದವು. ಎಣ್ಣೆ ಸೋರುವ ಸಂದುಗಳು ಕಡಿಮೆಯಾದವು. ಎಣ್ಣೆಯ ಒತ್ತಡದಿಂದ ತಾನೇ ಹೊಂದಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವುದರಿಂದ ಉತ್ತರ 1ರವರು ಹೇಳಿದ ಬೆರಳಿನ ಪರೀಕ್ಷೆ ಬೇಕಿಲ್ಲ. ಪುಶ್‌ರಾಡ್ ಮಾತ್ರ ಉಳಿದುಕೊಂಡಿತು, ಅದಕ್ಕೇ ಸದ್ದಿನಲ್ಲಿ ಹಳೆಯ ಗುಣ ಸ್ವಲ್ಪವಾದರೂ ಇದೆ.

ಉತ್ತರ 4: ಹಳೆಯದೇ ಏಕೆ? 2023ರ ಬುಲೆಟ್‌ನಲ್ಲಿ 349 ಸಿಸಿಯ ಜೆ ಸರಣಿ ಎಂಜಿನ್ ಇದೆ. ಪುಶ್‌ರಾಡ್ ಹೋಗಿ, ವಾಲ್ವ್ ತೆರೆಸುವ ಕ್ಯಾಮ್ ಎಂಜಿನ್ನಿನ ಮೇಲ್ಭಾಗಕ್ಕೇರಿದೆ. ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇರುವುದರಿಂದ ಕನ್ನಡಿಯಲ್ಲಿ ಹಿಂದಿನ ವಾಹನ ಸ್ಪಷ್ಟವಾಗಿ ಕಾಣುತ್ತದೆ. ಕಿಕ್ಕರ್ ಇಲ್ಲ, ಬ್ಯಾಟರಿ ಸತ್ತರೆ ಒದ್ದು ಎಬ್ಬಿಸುವಂತಿಲ್ಲ ಅಷ್ಟೇ.

ಉತ್ತರ 3, ಮತ್ತೆ: ಸೆಲ್ಫ್ ಸ್ಟಾರ್ಟ್ ಇರುವ ಯುಸಿಇ ನೋಡಲು ಹೋದರೆ ಮಾರುವವರಿಗೆ ಮೊದಲೇ ಹೇಳಿ, ಎಂಜಿನ್ ಬಿಸಿ ಮಾಡಿಡಬಾರದೆಂದು. ತಣ್ಣಗಿರುವಾಗ ಸ್ಟಾರ್ಟರ್ ಒತ್ತಿದೊಡನೆ ‘ಕಟಕಟ’ ಸದ್ದು ಬಂದರೆ ಸ್ಪ್ರ್ಯಾಗ್ ಕ್ಲಚ್ (ಸ್ಟಾರ್ಟರ್ ಮೋಟರನ್ನು ಎಂಜಿನ್ನಿಗೆ ಜೋಡಿಸುವ ಭಾಗ) ಸವೆದಿರಬಹುದು. ಅದರ ರಿಪೇರಿ ಖರ್ಚನ್ನು ಕಳೆದು ಚೌಕಾಸಿ ಮಾಡಿ.