ಪದಚರ್ಚೆ: ಎಣ್ಣೆ ಹಿಡಿದಿಟ್ಟುಕೊಂಡ ಕಲ್ಲಿಗೆ ಏನನ್ನೋಣ? ‘ಎಡೆ’, ‘ಬಸಿ’, ‘ನಿಕ್ಷೇಪ’

ಎಲ್ಲರಿಗೂ ನಮಸ್ಕಾರ.

ತಂಗಿಯ ಮಗಳು ಪೆಟ್ರೋಲಿಯಂ ಎಂಜಿನಿಯರಿಂಗ್ ಓದುತ್ತಿದ್ದಾಳೆ. ರಜೆಗೆ ಬಂದಾಗ ರಿಸರ್ವಾಯರ್ ಎಂಜಿನಿಯರಿಂಗಿನ (ಅಂದರೆ ಎಣ್ಣೆ ಹಿಡಿದಿಟ್ಟುಕೊಂಡ ನೆಲದಡಿಯ ಕಲ್ಲನ್ನು ಅರಿತು ಎಣ್ಣೆ ತೆಗೆಯುವ ವಿದ್ಯೆಯ) ಮೊದಲ ಪಾಠಗಳನ್ನು ನನಗೆ ಕನ್ನಡದಲ್ಲೇ ಹೇಳಿಕೊಡಲು ಕೂತಳು. ಮೊದಲ ಪದಕ್ಕೇ ಇಬ್ಬರೂ ತಡವರಿಸಿದೆವು.

ರಿಸರ್ವಾಯರ್ ಅಂದರೆ ನಮಗೆ ಜಲಾಶಯ. ಅದೇ ದಾರಿಯಲ್ಲಿ ‘ತೈಲಾಶಯ’ ಅನ್ನಬಹುದು. ಆದರೆ ಹಾಗೆಂದ ಕೂಡಲೇ ನೆಲದಡಿಯಲ್ಲಿ ಒಂದು ಎಣ್ಣೆಯ ಕೆರೆ ಕಣ್ಣಿಗೆ ಕಟ್ಟುತ್ತದೆ, ಅಲ್ವಾ? ನಿಜ ಹಾಗಿಲ್ಲ. 1974ರಲ್ಲಿ ಮುಂಬೈ ಕಡಲಿನಲ್ಲಿ ಸಿಕ್ಕ ಬಾಂಬೆ ಹೈ ತೈಲಕ್ಷೇತ್ರದಲ್ಲಿ ಎಣ್ಣೆ ಇರುವುದು ಕಡಲಡಿಯ ಸುಣ್ಣಕಲ್ಲಿನೊಳಗೆ. ರಾಜಸ್ಥಾನದ ಮಂಗಳಾ ತೈಲಕ್ಷೇತ್ರದಲ್ಲಿ ಮರಳುಗಲ್ಲಿನೊಳಗೆ. ಕಣ ಕಣದ ನಡುವಿನ ಸಣ್ಣ ಸಣ್ಣ ಸಂದುಗಳಲ್ಲಿ, ನೀರಿನ ಜೊತೆ ಜಾಗ ಹಂಚಿಕೊಂಡು ಅದು ಕೂತಿರುತ್ತದೆ. ನೆಲದಡಿಯ ಎಣ್ಣೆಯ ಕೆರೆ ನೋಡಬೇಕೆಂದರೆ ನಮ್ಮ ಉಡುಪಿ ಜಿಲ್ಲೆಯ ಪಾದೂರಿಗೇ ಬರಬೇಕು. ಅಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡಬಹುದು. ಆದರೆ ಅದು ಮನುಷ್ಯ ಕಟ್ಟಿದ ಕಣಜ. ಎರಡಕ್ಕೂ ಒಂದೇ ಪದ ಬಳಸಿದರೆ ಕಲಿಯುವವರಿಗೆ ತಪ್ಪು ಚಿತ್ರ ಸಿಗುತ್ತದೆ.

ಇನ್ನೂ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಪೊರಾಸಿಟಿ, ಪರ್ಮಿಯಬಿಲಿಟಿ ಎಂಬ ಜೋಡಿಗೆ. ಪುಸ್ತಕಗಳಲ್ಲಿ ‘ಸರಂಧ್ರತೆ’, ‘ಪಾರಗಮ್ಯತೆ’ ನೋಡಿದ್ದೇನೆ. ತಪ್ಪಿಲ್ಲ. ಆದರೆ ಈ ಪದಗಳನ್ನು ಕೇಳಿದ ಹುಡುಗರಿಗೆ ಎರಡರ ನಡುವಿನ ವ್ಯತ್ಯಾಸ ಹೊಳೆಯುವುದಿಲ್ಲ. ಆ ವ್ಯತ್ಯಾಸದ ಮೇಲೇ ಇಡೀ ಪಾಠ ನಿಂತಿದೆ. ಮೊದಲನೆಯದು ಕಲ್ಲಿನಲ್ಲಿ ಖಾಲಿ ಜಾಗ ಎಷ್ಟು ಪಾಲು ಎಂಬ ಲೆಕ್ಕ. ಎರಡನೆಯದು ಆ ಜಾಗದಲ್ಲಿರುವುದನ್ನು ಕಲ್ಲು ಎಷ್ಟು ಸಲೀಸಾಗಿ ಹರಿಯಬಿಡುತ್ತದೆ ಎಂಬುದು. ಜೇಡಿಮಣ್ಣಿನಲ್ಲಿ ಸಂದು ಬೇಕಾದಷ್ಟಿವೆ, ಆದರೆ ನೀರು ಬಿಡುವುದಿಲ್ಲ. ಅದಕ್ಕೇ ಕೆರೆ ಏರಿಯ ನಡುವೆ ಜೇಡಿಮಣ್ಣು ತುಂಬುತ್ತಾರೆ. ಮರಳಿನಲ್ಲಿ ಸಂದಿನ ಪಾಲು ಅದಕ್ಕಿಂತ ಕಡಿಮೆ ಇದ್ದರೂ ನೀರು ಸರ್‍ರನೆ ಇಳಿಯುತ್ತದೆ. ಇದನ್ನು ಅಳೆದು ಸೂತ್ರ ಕೊಟ್ಟವನು ಫ್ರಾನ್ಸಿನ ಹೆನ್ರಿ ಡಾರ್ಸಿ. ದಿಜೋನ್ ಊರಿನ ನೀರು ಸರಬರಾಜು ಕಟ್ಟಿಸಿದ ಎಂಜಿನಿಯರ್. ಮರಳಿನ ಮೂಲಕ ನೀರು ಹರಿಸಿ ನೋಡಿದ ಪ್ರಯೋಗವನ್ನು 1856ರಲ್ಲಿ ಪ್ರಕಟಿಸಿದ. ಎಣ್ಣೆಯವರು ಇವತ್ತಿಗೂ ಪರ್ಮಿಯಬಿಲಿಟಿಯನ್ನು ‘ಡಾರ್ಸಿ’ಯಲ್ಲೇ ಅಳೆಯುತ್ತಾರೆ.

ಹೀಗೆ ಮಾತಾಡುವಾಗ ನನಗೆ ನೆನಪಾದದ್ದು ಹೊಲದ ಮಾತು. ‘ನೀರು ಬಸಿದು ಹೋಗುವ ಮಣ್ಣು’ ಅಂತ ರೈತರು ಹೇಳುತ್ತಾರೆ. ಬಸಿಗಾಲುವೆ ಇದೆ, ಅನ್ನ ಬಸಿಯುವುದಿದೆ. ಹಾಗಾದರೆ ಪೊರಾಸಿಟಿಗೆ ‘ಎಡೆಪಾಲು’ (ಎಡೆ ಅಂದರೆ ಸಂದು), ಪರ್ಮಿಯಬಿಲಿಟಿಗೆ ‘ಬಸಿತನ’ ಅಂದರೆ ಹೇಗೆ? ‘ಎಡೆಪಾಲು ಜಾಸ್ತಿ, ಬಸಿತನ ಕಡಿಮೆ’ ಅಂದಾಗ ಜೇಡಿಮಣ್ಣು ತಾನಾಗಿ ಕಣ್ಮುಂದೆ ಬರುತ್ತದೆ. ಒಂದು ತೊಡಕಿದೆ. ಒಂದು ಬಾವಿಗೆ ಸುತ್ತಲಿನ ಎಷ್ಟು ಜಾಗದ ಎಣ್ಣೆ ಬಂದು ಸೇರುತ್ತದೋ ಅದಕ್ಕೆ ಡ್ರೈನೇಜ್ ಏರಿಯಾ ಎನ್ನುತ್ತಾರೆ. ‘ಬಸಿ’ ಅಲ್ಲಿಗೂ ಬೇಕಾಗಬಹುದು.

ಪತ್ರಿಕೆಗಳು ಎಲ್ಲದಕ್ಕೂ ‘ತೈಲ ನಿಕ್ಷೇಪ’ ಎಂದು ಬರೆಯುತ್ತವೆ. ಒಳ್ಳೆಯ ಪದ, ಹಳೆಯದೂ ಹೌದು. ನಮ್ಮ ದಾನಶಾಸನಗಳಲ್ಲಿ ಬರುವ ಅಷ್ಟಭೋಗಗಳನ್ನು, ಅಂದರೆ ನೆಲದ ಜೊತೆ ದಾನ ಕೊಡುತ್ತಿದ್ದ ಎಂಟು ಹಕ್ಕುಗಳನ್ನು ನೆನಪಿಸಿಕೊಳ್ಳಿ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದಲ್ಲಿ ಹುದುಗಿದ್ದು ನಿಕ್ಷೇಪ. ಈ ಸಾಲು ಓದುತ್ತಾ ಕೊನೆಯ ಎರಡು ಪದಗಳಿಗೆ ಬಂದಾಗ ನನಗೆ ನಿಜಕ್ಕೂ ರೋಮಾಂಚನವಾಯಿತು. ಯಾಕೆಂದರೆ ಎಣ್ಣೆಯ ಲೆಕ್ಕದಲ್ಲಿ ಕಲ್ಲಿನೊಳಗಿರುವುದೆಲ್ಲ ‘ರಿಸರ್ವ್’ ಅಲ್ಲ. ಬಹಳಷ್ಟು ಎಣ್ಣೆ ಕಲ್ಲಿಗೇ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಲಾಭಕ್ಕೆ ಮೇಲೆತ್ತಲು ಆಗುವಷ್ಟನ್ನು ಮಾತ್ರ ರಿಸರ್ವ್ ಎನ್ನುತ್ತಾರೆ. ಅದರಲ್ಲೂ ಪ್ರೂವ್ಡ್, ಪ್ರಾಬಬಲ್, ಪಾಸಿಬಲ್ ಅಂತ ಮೂರು ಮೆಟ್ಟಿಲು. ಪ್ರೂವ್ಡ್‌ಗೆ ‘ಸಿದ್ಧ’, ಪಾಸಿಬಲ್‌ಗೆ ‘ಸಾಧ್ಯ’ ಎಷ್ಟು ಚೆನ್ನಾಗಿ ಕೂರುತ್ತವೆ ನೋಡಿ! ನಡುವಿನ ಮೆಟ್ಟಿಲಿಗೆ ಮಾತ್ರ ನನಗೆ ಪದ ಹೊಳೆದಿಲ್ಲ.

ಶಾಸನ ಬಲ್ಲವರು ‘ಸಿದ್ಧ–ಸಾಧ್ಯ’ವನ್ನು ಹೀಗೆ ಎಳೆದು ತರುವುದು ಸರಿಯೇ ಹೇಳಿ. ಬಾವಿ ತೋಡುವ, ಬೋರ್‌ವೆಲ್ ಕೊರೆಸುವ ಮನೆಯವರಿದ್ದರೆ ಇನ್ನೊಂದು ಕೇಳಬೇಕು. ನೀರು ಚೆನ್ನಾಗಿ ಬಿಡುವ ಕಲ್ಲಿಗೆ, ಒಂದು ಹನಿಯನ್ನೂ ಬಿಡದ ಕಲ್ಲಿಗೆ ನಿಮ್ಮ ಕಡೆ ಬೇರೆ ಬೇರೆ ಹೆಸರಿದೆಯಾ? ಇದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ. ತಂಗಿಯ ಮಗಳು ವಾಪಸ್ ಹೋಗುವುದರೊಳಗೆ ಅವಳ ನೋಟ್‌ಬುಕ್ಕಿಗೆ ಸೇರಿಸಿಕೊಡುತ್ತೇನೆ.